ಶ್ರೀರಂಗಪಟ್ಟಣದಲ್ಲಿ ನಾಲೆ ನೋಡಿದೆವು

ಶ್ರೀರಂಗಪಟ್ಟಣಕ್ಕೆ ಹೋದವರು ಸಾಮಾನ್ಯವಾಗಿ ರಂಗನಾಥನ ದರ್ಶನ ಮಾಡಿ, ಟಿಪ್ಪುವಿನ ಕೋಟೆ, ದರಿಯಾ ದೌಲತ್ ನೋಡಿ, ಸಂಗಮದಲ್ಲಿ ಕಾಲು ತೊಳೆದು ವಾಪಸು ಬಸ್ಸು ಹತ್ತುತ್ತಾರೆ. ಕೃಷಿಕರಿಗೆ ಅಲ್ಲಿ ನೋಡುವಂಥದ್ದು ಇನ್ನೊಂದಿದೆ. ಅದು ಬಂಗಾರದೊಡ್ಡಿ ನಾಲೆ. ಇದಕ್ಕೆಂದೇ ನಾಟಿ ಮುಗಿಸಿ ನಮ್ಮೂರಿನ ಐದು ಮಂದಿ ಹೊರಟೆವು. ಅವಸರ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಮೈಸೂರಿನಿಂದ ಸುಮಾರು 15 ಕಿ.ಮೀ. ರೈಲಿನಲ್ಲೇ ಹೋಗಿ. ಹಳಿ ಕೋಟೆಯನ್ನೇ ಸೀಳಿಕೊಂಡು ಹೋಗುತ್ತದೆ, ಇಳಿದರೆ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಟಿಪ್ಪು 1799ರ ಮೇ 4ರಂದು ಬಿದ್ದ ಜಾಗವೂ ಹತ್ತಿರದಲ್ಲೇ. ಇವೆಲ್ಲ ಪುಸ್ತಕಗಳಲ್ಲಿ ಬೇಕಾದಷ್ಟಿವೆ, ಬಿಡಿ.

ನಾಲೆಯ ವಿಚಾರಕ್ಕೆ ಬರೋಣ. ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವ ನಡುವಿನ ದ್ವೀಪವೇ ಈ ಊರು. ಸುತ್ತ ಹೊಳೆ, ಆದರೆ ನೆಲ ಹೊಳೆಗಿಂತ ಎತ್ತರ. ನೀರೆತ್ತಲು ಪಂಪು ಇಲ್ಲದ ಕಾಲ. ಕಂಠೀರವ ನರಸರಾಜ ಒಡೆಯರು (1638-59) ಊರಿಗಿಂತ ಮೇಲೆ ಹೊಳೆಗೆ ಕಟ್ಟೆ ಕಟ್ಟಿಸಿ, ಅಲ್ಲಿಂದ ನಾಲೆ ತೆಗೆಸಿದರು. ಆ ನಾಲೆಯನ್ನು ಕಲ್ಲಿನ ಮೇಲ್ಗಾಲುವೆಯಲ್ಲಿ ಹೊಳೆಯ ಒಂದು ಕವಲಿನ ಮೇಲಿಂದಲೇ ದಾಟಿಸಿ ದ್ವೀಪಕ್ಕೆ ತಂದರು. ಅಂದ್ರೆ ಕೆಳಗೂ ಕಾವೇರಿ, ಮೇಲೂ ಕಾವೇರಿ! ಇಳಿಜಾರು ಒಂದನ್ನೇ ನಂಬಿ ಮಾಡಿದ ಕೆಲಸ. ನಮ್ಮಲ್ಲೊಬ್ಬರು ತೋಟಕ್ಕೆ ತೋಡಿನಿಂದ ನೀರು ತಿರುಗಿಸಿದವರು. ಅವರು ಅಲ್ಲಿಂದ ಏಳಲೇ ಇಲ್ಲ.

ಇಂಥ ಕಟ್ಟೆಗಳು ನೀರನ್ನು ಕೂಡಿಡುವುದಿಲ್ಲ. ಹೊಳೆ ಕೊಟ್ಟಷ್ಟನ್ನು ಪಕ್ಕಕ್ಕೆ ತಿರುಗಿಸುತ್ತವೆ, ಉಳಿದದ್ದು ಮೇಲಿಂದ ಹರಿದು ಹೋಗುತ್ತದೆ. ಮೇಲುಗಡೆ 1911ರಿಂದ 1932ರ ತನಕ ಕನ್ನಂಬಾಡಿ ಕಟ್ಟಿದ ಮೇಲೆ ಹೊಳೆಯೇ ಅಲ್ಲಿನ ಬಾಗಿಲಿನ ಅಂಕೆಗೆ ಬಂತು.

ಇದೇ ಕಟ್ಟೆಯಿಂದಾಗಿ ಹೊಳೆಯ ನಡುವೆ ನಡುಗಡ್ಡೆಗಳಾದವು, ಹಕ್ಕಿಗಳು ಬಂದು ಕೂತವು. ಅದೇ ರಂಗನತಿಟ್ಟು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಗದ್ದೆಗೆಂದು ಕಟ್ಟಿದ್ದು ಹಕ್ಕಿಗೂ ಆಯಿತು. ದೋಣಿಯಲ್ಲಿ ಒಂದು ಸುತ್ತು ಹಾಕಿ, ಬಂಡೆ ಮೇಲೆ ಮಲಗಿದ ಮೊಸಳೆಯನ್ನೂ ನೋಡಿದೆವು.

ಮಧ್ಯಾಹ್ನ ನಾಲೆಯ ಏರಿ ಮೇಲೆ ಬುತ್ತಿ ಬಿಚ್ಚಿದೆವು. ನೀರು ಚೆನ್ನಾಗಿ ಹರಿಯುತ್ತಿತ್ತು. ಅಂಚಿನಲ್ಲಿ ಪ್ಲಾಸ್ಟಿಕ್ ಕೂಡ ಸಾಕಷ್ಟಿತ್ತು. ಪಕ್ಕದ ಗದ್ದೆಯ ಯಜಮಾನರು ಮಾತಿಗೆ ಬಂದರು.

"ನೀರ್ಗೇನೂ ಯೋಚ್ನೆ ಇಲ್ಲ ಕಣ್ ಸ್ವಾಮಿ, ಗೇಯೋರೇ ಇಲ್ಲ. ನಾಟಿ ಹಾಕೋಕೆ ಆಳು ಹುಡುಕಿ ಹುಡುಕಿ ಸಾಕಾಯ್ತು. ಸೈಟ್ ಮಾಡೋಕೆ ಕೊಡಿ ಅಂತ ಕೇಳ್ಕೊಂಡು ಮಾತ್ರ ದಿನಾ ಬತ್ತಾರೆ."

ನನಗೆ ಬುಕಾನನ್ ನೆನಪಾದ. 1800ರಲ್ಲಿ ಇಲ್ಲಿಗೆ ಬಂದಿದ್ದ ಈ ಇಂಗ್ಲಿಷ್ ಕಂಪೆನಿಯ ವೈದ್ಯ, ಪಟ್ಟಣದ ಸುತ್ತಿನ ರೈತರು ಭತ್ತವನ್ನು ಮೂರು ಬಗೆಯಲ್ಲಿ ಬೆಳೆಯುತ್ತಿದ್ದರೆಂದು ಬರೆದಿಟ್ಟಿದ್ದಾನೆ: ಒಣ ಬೀಜ ಬಿತ್ತುವುದು, ಮೊಳಕೆ ಬರಿಸಿ ಕೆಸರಿಗೆ ಚೆಲ್ಲುವುದು, ನಾಟಿ. ಈಗ ಆಳಿನ ಕೊರತೆಗೆ ಮದ್ದೆಂದು ಡ್ರಮ್ ಸೀಡರಿನಲ್ಲಿ ಮೊಳಕೆ ಬೀಜ ಬಿತ್ತಲು ಹೇಳುತ್ತಾರಲ್ಲ, ಅದರ ಅಜ್ಜ ಇಲ್ಲೇ ಇದ್ದ! ಯಜಮಾನರಿಗೆ ಹೇಳಿದೆ. "ನಮ್ಮಪ್ಪನೂ ಮೊಳೆ ಭತ್ತ ಚೆಲ್ತಿದ್ದ. ಕಳೆ ಏನ್ ಮಾಡ್ತೀರಿ?" ಅಂದರು. ಪ್ರಶ್ನೆ ಸರಿಯಾದದ್ದೇ. ಗದ್ದೆ ಮಟ್ಟ ಇರಬೇಕು, ಸಾಲಿನಲ್ಲಿ ಬಿತ್ತಿದರೆ ಮಾತ್ರ ಕಳೆ ಯಂತ್ರ ಓಡಿಸಬಹುದು. ಅರ್ಧ ಗಂಟೆ ಇದೇ ಚರ್ಚೆ. ಮುಂದಿನ ಬೆಳೆಗೆ ಹತ್ತು ಗುಂಟೆಯಲ್ಲಿ ನೋಡುತ್ತೇನೆ ಎಂದರು.

ಹೋಗುವವರು ನಾಲೆಗೆ ನೀರು ಬಿಟ್ಟಿದ್ದಾರಾ ಎಂದು ವಿಚಾರಿಸಿಕೊಂಡು ಹೊರಡಿ. ಬುತ್ತಿ ಕಟ್ಟಿಕೊಳ್ಳಿ. ಸಂಜೆ ಸಮಯ ಉಳಿದರೆ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯನ್ನೂ ನೋಡಿಕೊಂಡು ಬನ್ನಿ.