ನರಹುಲಿ ಹೋಯಿತು, ಹೆಸರು ಯಾರಿಗೆ?

ನರಹುಲಿಗೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟಿ ಎನ್ನುವವರು ನಮ್ಮಲ್ಲಿದ್ದಾರೆ. ದೇವರಿಗೆ ಉಪ್ಪು-ಮೆಣಸಿನ ಹರಕೆ ಹೊರುವವರೂ ಇದ್ದಾರೆ. ದೆಹಲಿಯ ವಸಂತ್ ಕುಂಜ್‌ನ ಡಿಡಿಎ ಫ್ಲ್ಯಾಟಿನಲ್ಲಿರುವ ಕನ್ನಡದ ಸಂಸಾರಕ್ಕೂ ಇಂಥ ಮದ್ದು ಊರಿನಿಂದ ಫೋನಿನಲ್ಲಿ ತಲುಪಬಹುದು. ಗುಣವಾಗುವುದೂ ಉಂಟು. ಆದರೆ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನರಹುಲಿಗಳು ಏನೂ ಮಾಡದಿದ್ದರೂ ಎರಡು ವರ್ಷದೊಳಗೆ ತಾವಾಗಿಯೇ ಮಾಯವಾಗುತ್ತವೆ. ದೇಹದ ರೋಗನಿರೋಧಕ ಪಡೆ ಎಚ್ಚೆತ್ತ ಹೊತ್ತಿಗೆ ಯಾವ ಮದ್ದು ನಡೆಯುತ್ತಿತ್ತೋ ಹೆಸರು ಅದಕ್ಕೆ!

ಪಡೆ ಅಷ್ಟು ತಡವಾಗಿ ಏಳುವುದೇಕೆ? ಕಾರಣ ಎಚ್‌ಪಿವಿ ಎಂಬ ವೈರಸ್ಸಿನ ಜಾಣತನ. ಇಟಲಿಯ ಚುಫೊ 1907ರಲ್ಲಿ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ರಂಧ್ರದ ಶೋಧಕದಲ್ಲಿ ಸೋಸಿ, ಆ ದ್ರವವನ್ನು ಚರ್ಮಕ್ಕೆ ಸೇರಿಸಿದ. ಹೊಸ ನರಹುಲಿ ಎದ್ದಿತು; ಅಂದರೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಅದಕ್ಕಿಂತ ಸಣ್ಣದು. ಈ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೇ ಬಗೆಗಳೇ ಬೇರೆ, ಬೆರಳಿನ ನರಹುಲಿಯವೇ ಬೇರೆ. ಗಾಬರಿ ಬೇಡ.

ಗಾಯವಿಲ್ಲದ ಚರ್ಮವನ್ನು ಈ ವೈರಸ್ಸು ಭೇದಿಸಲಾರದು. ತರಚು ಗಾಯವೋ, ದೆಹಲಿಯ ಚಳಿಗೆ ಒಡೆದ ಹಿಮ್ಮಡಿಯೋ, ಈಜುಕೊಳದಲ್ಲಿ ನೆನೆದು ಮೆತ್ತಗಾದ ಅಂಗಾಲೋ ಬೇಕು. ಒಳಗೆ ಸೇರಿದ ಮೇಲೆ ಚರ್ಮದ ತಳದ ಪದರದಲ್ಲಿ ಕೂರುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಕೋಶಗಳನ್ನು ಕೊಲ್ಲುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ. ಹೀಗಾಗಿ ದೇಹಕ್ಕೆ ಸುಳಿವೇ ಸಿಗದು. ಕೋಶಗಳು ಮೇಲೇರಿದಂತೆ ತಾನೂ ಬೆಳೆದು, ಉದುರುವ ಹೊಟ್ಟಿನೊಂದಿಗೆ ಟವೆಲ್ಲಿಗೆ, ಒದ್ದೆ ನೆಲಕ್ಕೆ ಹರಡುತ್ತದೆ. ಗಂಟು ಕಾಣುವುದು ತಿಂಗಳುಗಳ ನಂತರ. ಯಾರಿಂದ ಅಂಟಿತೆಂದು ಪಕ್ಕದ ಮನೆಯವರನ್ನು ದೂರಿ ಫಲವಿಲ್ಲ. ಅದಕ್ಕಿಂತ ಹೆಚ್ಚಾಗಿ ನಾವೇ ನಮಗೆ ಹರಡಿಕೊಳ್ಳುತ್ತೇವೆ: ಉಗುರು ಕಚ್ಚಿ, ಗಂಟನ್ನು ಕಿತ್ತು, ಅದರ ಮೇಲೇ ರೇಜರ್ ಎಳೆದು.

ಅಂಗಾಲಿನದನ್ನು ಆಣಿಯೆಂದು ತಿಳಿದು ಬ್ಲೇಡಿನಿಂದ ಕೆರೆಯುವವರಿದ್ದಾರೆ. ನರಹುಲಿಯಾದರೆ ಚರ್ಮದ ಗೆರೆಗಳು ಅದರ ಮೇಲೆ ಹಾಯುವುದಿಲ್ಲ, ಒಳಗೆ ಕಪ್ಪು ಚುಕ್ಕೆಗಳಿರುತ್ತವೆ. ಅವು ಬೇರುಗಳಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ನಾಳಗಳು.

ಕೈಬೆರಳಿನ ಒಂದೆರಡಕ್ಕೆ ಔಷಧಿ ಅಂಗಡಿಯ ಸ್ಯಾಲಿಸಿಲಿಕ್ ಆಮ್ಲ ಸಾಕು, ವಾರಗಟ್ಟಲೆ ತಾಳ್ಮೆ ಬೇಕು. ಮುಖದಲ್ಲೋ ಗುಪ್ತಾಂಗದಲ್ಲೋ ಎದ್ದರೆ, ರಕ್ತ ಸೋರಿದರೆ, ಬಣ್ಣ ಬದಲಾದರೆ, ಬೇಗಬೇಗ ಹಬ್ಬಿದರೆ, ನಡೆಯಲು ನೋವಾದರೆ ಚರ್ಮವೈದ್ಯರಿಗೇ ತೋರಿಸಬೇಕು. ವಯಸ್ಸಾದವರಲ್ಲಿ ಹೊಸದಾಗಿ ಎದ್ದ ಗಂಟು ನರಹುಲಿಯೇ ಆಗಿರಬೇಕೆಂದಿಲ್ಲ. ಸಕ್ಕರೆ ಕಾಯಿಲೆಯವರು ಪಾದಕ್ಕೆ ತಾವಾಗಿ ಆಮ್ಲ ಹಚ್ಚಲೇಬಾರದು: ಸ್ಪರ್ಶ ಕುಂದಿದ ಕಾಲಿನಲ್ಲಿ ಸುಟ್ಟಿದ್ದೂ ತಿಳಿಯದು, ಹುಣ್ಣಾದರೆ ಮಾಯುವುದೂ ನಿಧಾನ.