ಕಲ್ಲಿನ ಮೇಲೆ ನಿಂತ ಫ್ರಿಜ್

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಮಗ, ಸೊಸೆ, ಮೊಮ್ಮಗಳು ಮೂವರೂ ನಮ್ಮ ಮನೆಗೆ ಬಂದರು. ಮಗ ಮೈಸೂರು ಪಾಕಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಅಪ್ಪ, ಮನೆ ನೋಡಿದೀವಿ. ಟೋಕನ್ ಕೊಟ್ಟಿದ್ದೂ ಆಯ್ತು” ಅಂದ.

ಸಂತೋಷದ ಸುದ್ದಿಯೇ. ಹದಿಮೂರು ವರ್ಷದಿಂದ ಮೈಸೂರಿನಲ್ಲೇ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತವರು ಅವರು. ಆದರೆ ನನ್ನ ಬಾಯಿಂದ ಮೊದಲು ಬಂದ ಮಾತು, “ಇ.ಸಿ. ತೆಗೆಸಿದ್ಯಾ?” ಎಂಬುದು. ನಮ್ಮನೆಯವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಸಿಹಿ ಬಾಯಿಗಿಡುವ ಮುಂಚೆಯೇ ಗುಮಾಸ್ತಿಕೆ ಶುರುವಾಯಿತು ಅಂತ.

ಏನು ಮಾಡಲಿ, ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವನು ನಾನು. ಅದರಲ್ಲಿ ಹನ್ನೊಂದು ವರ್ಷ ಸಾಲದ ವಿಭಾಗದಲ್ಲಿ ಊರಿನವರ ಮನೆಪತ್ರಗಳನ್ನು ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಭದ್ರತಾ ಕೊಠಡಿಯಲ್ಲಿ ಇಡಿಸಿದವನು. ಇಷ್ಟಾದರೂ ನನ್ನ ಸ್ವಂತ ಕಥೆ ಕೇಳಿದರೆ ನೀವು ನಗುತ್ತೀರಿ. 1986ರಲ್ಲಿ ಊರಾಚೆ ಒಂದು ರೆವಿನ್ಯೂ ಸೈಟು ಕೊಂಡೆ. ಮೂವತ್ತಕ್ಕೆ ನಲವತ್ತು, ಹದಿನೆಂಟು ಸಾವಿರ ರೂಪಾಯಿ. ಎರಡೆಳೆ ಸರ ಮಾರಿದ ಹಣವೂ ಅದರಲ್ಲಿತ್ತು. ನೋಂದಣಿ ಆಗಿರಲಿಲ್ಲ; ಬರೀ ಕರಾರು ಪತ್ರ ಮತ್ತು ಜಿ.ಪಿ.ಎ. “ಎಲ್ಲರೂ ಹೀಗೇ ತಗೊಂಡಿದಾರೆ ಸ್ವಾಮಿ” ಎಂದರು, ನಂಬಿದೆ. ಆರು ವರ್ಷದ ಮೇಲೆ ಜಮೀನಿನ ಮಾಲೀಕರ ಇಬ್ಬರು ತಮ್ಮಂದಿರು ಬಂದು, ನಾವು ಸಹಿಯೇ ಹಾಕಿಲ್ಲ ಎಂದರು. ಹಾಕಿರಲೂ ಇಲ್ಲ. ಬೇರೆಯವರ ಕಾಗದಗಳನ್ನು ದಿನವಿಡೀ ನೋಡುತ್ತಿದ್ದವನು ನನ್ನದನ್ನು ನೋಡಿರಲಿಲ್ಲ. ಸೈಟು ಹೋಯಿತು, ಸರವೂ ಹೋಯಿತು. ಬರೀ ಜಿ.ಪಿ.ಎ. ಮತ್ತು ಕರಾರಿನ ಮೇಲೆ ಆಸ್ತಿಯ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದ್ದು 2011ರಲ್ಲಿ, ನಾನು ನಿವೃತ್ತನಾದ ವರ್ಷ.

ಇರಲಿ. ಮಗ ನೋಡಿದ್ದು ಹೊಸ ಬಡಾವಣೆಯೊಂದರ ಮನೆ. ಬೆಲೆ 58 ಲಕ್ಷ. 30 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ಅವನ ಪಿ.ಎಫ್., ಸೊಸೆಯ ಚಿನ್ನ, ನನ್ನ ಒಂದು ಠೇವಣಿ. ಟೋಕನ್ 50 ಸಾವಿರ ಕೊಟ್ಟಾಗಿತ್ತು, ಒಂದು ಚೀಟಿಯೂ ಇಲ್ಲದೆ. ಮಹಡಿ ಮೇಲಿನ ಕೋಣೆ ಮೊಮ್ಮಗಳಿಗೆ. ಏಳನೇ ತರಗತಿಯ ನಮ್ಮ ಪುಟ್ಟಿ ಗೋಡೆಗೆ ಯಾವ ಬಣ್ಣ ಅನ್ನುವುದನ್ನೂ ತೀರ್ಮಾನಿಸಿಬಿಟ್ಟಿದ್ದಳು.

ನಾನು ಅವಳಿಗೊಂದು ಲೆಕ್ಕ ಕೊಟ್ಟೆ. 30 ಲಕ್ಷ ಸಾಲ, ಶೇಕಡ 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 26 ಸಾವಿರ. ಒಟ್ಟು ಎಷ್ಟು ಕಟ್ಟುತ್ತೀವಿ? ಅವಳು 240ರಿಂದ ಗುಣಿಸಿ, ತಪ್ಪಾಯಿತೇನೋ ಎಂದು ಮತ್ತೊಮ್ಮೆ ಗುಣಿಸಿದಳು. “ತಾತ, ಅರವತ್ತೆರಡು ಲಕ್ಷ ದಾಟುತ್ತೆ!” ಹೌದು, ಮೂವತ್ತಕ್ಕೆ ಅರವತ್ತೆರಡು. ಅದಕ್ಕೇ ಕೊಳ್ಳುವ ಮುಂಚೆ ನಾಲ್ಕು ಸಲ ತಿರುಗಾಡುವುದು ಅಂದೆ.

ಮಾರನೇ ದಿನದಿಂದ ಪತ್ರಗಳ ಪರಿಶೀಲನೆ. ಪುಟ್ಟಿ ಪಕ್ಕದಲ್ಲೇ ಕೂತಳು. ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಅನ್ನುವುದು ಸುಳ್ಳು. ಮನೆಗೂ ಒಂದು ವಂಶವೃಕ್ಷ ಇರುತ್ತದೆ ಎಂದೆ, ತಕ್ಷಣ ಹಿಡಿದುಕೊಂಡಳು. ಜಮೀನು ಮೊದಲು ಯಾರದು, ಅವರು ಯಾರಿಗೆ ಮಾರಿದರು, ಅವರ ಮಕ್ಕಳು ಯಾರು ಯಾರು, ಹೆಣ್ಣುಮಕ್ಕಳ ಸಹಿಯೂ ಇದೆಯೇ ಇಲ್ಲವೇ. ಹಳೆಯ ಮೂಲ ಪತ್ರವನ್ನು ನಮ್ಮಲ್ಲಿ ತಾಯಿ ಪತ್ರ ಅನ್ನುತ್ತಾರೆ. ಅಲ್ಲಿಂದ ಇವತ್ತಿನ ಮಾಲೀಕರವರೆಗೆ ಕೊಂಡಿ ಒಂದೂ ತಪ್ಪಬಾರದು.

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ, ದಾನ, ವಿಭಾಗ ಎಲ್ಲ ಅದರಲ್ಲಿ ಬರುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಬ್ರೋಕರು ಹದಿಮೂರು ವರ್ಷದ್ದು ಸಾಕು ಅಂದ. ನಾನು ಮೂವತ್ತು ವರ್ಷದ್ದು ಕೇಳಿದೆ. ಅವನ ಮುಖ ಹುಳ್ಳಗಾಯಿತು, ಆದರೂ ತಂದುಕೊಟ್ಟ.

ಇಲ್ಲೊಂದು ಬ್ಯಾಂಕಿನ ಒಳಗುಟ್ಟು ಹೇಳುತ್ತೇನೆ. ಮೂಲ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದರೆ ಅದೂ ಅಡಮಾನವೇ. ಅದನ್ನು ನೋಂದಣಿ ಮಾಡಿಸದೆ ಇದ್ದರೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಇಂಥ ಅಡಮಾನಗಳನ್ನು ದಾಖಲಿಸಲೆಂದೇ 2011ರಿಂದ ಸೆರ್ಸಾಯಿ ಎಂಬ ಕೇಂದ್ರ ನೋಂದಣಿ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಅದಕ್ಕಿಂತ ಮುಖ್ಯವಾಗಿ, ಮೂಲ ಪತ್ರ ನಿಮ್ಮ ಕಣ್ಣಿಗೆ ಬೀಳಬೇಕು, ಕೈಗೆ ಸಿಗಬೇಕು. ಈಗಿನ ಕಲರ್ ಜೆರಾಕ್ಸ್ ನನ್ನಂಥವನನ್ನೂ ಏಮಾರಿಸುತ್ತದೆ. ಹಾಗೆಯೇ ಖಾತೆ ಇದೆ ಎಂದ ಮಾತ್ರಕ್ಕೆ ಹಕ್ಕು ಇದೆ ಅಂದುಕೊಳ್ಳಬೇಡಿ. ಖಾತೆ ಇರುವುದು ಕಂದಾಯ ವಸೂಲಿಗೆ.

ಪುಟ್ಟಿಗೆ ಬಹಳ ಇಷ್ಟವಾದದ್ದು ಗುಂಟೆ ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ನಲವತ್ತು ಗುಂಟೆ ಒಂದು ಎಕರೆ, 43,560 ಚದರ ಅಡಿ. ಅದನ್ನು ಮೂವತ್ತಕ್ಕೆ ನಲವತ್ತರ ಸೈಟುಗಳಿಂದ ಭಾಗಿಸಿದರೆ 36 ಬರುತ್ತದೆ. ಆದರೆ ರಸ್ತೆ, ಚರಂಡಿ, ಉದ್ಯಾನಕ್ಕೆಂದು ಹತ್ತಿರ ಹತ್ತಿರ ಅರ್ಧ ಜಾಗ ಬಿಡಬೇಕು. ಎಕರೆಗೆ ಮೂವತ್ತು ಸೈಟು ಮಾಡಿದ್ದೀವಿ ಎಂದು ಯಾರಾದರೂ ಹೇಳಿದರೆ ಉದ್ಯಾನ ಎಲ್ಲಿ ಎಂದು ಕೇಳಿ.

ಈ ಮನೆಯ ಕಾಗದಗಳಲ್ಲಿ ಒಂದೂ ಕುಂದು ಸಿಗಲಿಲ್ಲ. ಭೂಪರಿವರ್ತನೆ ಆಗಿತ್ತು, ಬಡಾವಣೆಗೆ ಅನುಮೋದನೆ ಇತ್ತು, ಕಂದಾಯ ಕಟ್ಟಿತ್ತು, ಮೂಲ ಪತ್ರವನ್ನು ಮಾಲೀಕರೇ ತೋರಿಸಿದರು. ಬ್ಯಾಂಕಿನ ವಕೀಲರೂ ಸರಿ ಎಂದರು. ನನಗೇ ಸ್ವಲ್ಪ ನಾಚಿಕೆಯಾಯಿತು, ಸುಮ್ಮನೆ ಹುಡುಗನಿಗೆ ಕಾಟ ಕೊಟ್ಟೆನಲ್ಲ ಅಂತ. ಇನ್ನು ಒಂದೇ ಬಾಕಿ, ಅಕ್ಕಪಕ್ಕ ವಿಚಾರಿಸುವುದು. ಅದು ನನ್ನ ತಂದೆಯ ಕಾಲದ ಪದ್ಧತಿ. ಹೆಣ್ಣು ಕೊಡುವ ಮುಂಚೆ, ಎತ್ತು ಕೊಳ್ಳುವ ಮುಂಚೆ ಅವರು ಆ ಊರಿನಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದರು.

ಒಂದು ಸಂಜೆ ಪುಟ್ಟಿಯನ್ನು ಕರೆದುಕೊಂಡು ಹೋದೆ. ಮೊದಲು ಹಾಲಿನ ಬೂತು. ಆಮೇಲೆ ಇಸ್ತ್ರಿ ಗಾಡಿ. ಬೀದಿಯ ಸುದ್ದಿ ಇಸ್ತ್ರಿಯವನಿಗೆ ಗೊತ್ತಿರುವಷ್ಟು ಕಾರ್ಪೊರೇಟರಿಗೂ ಗೊತ್ತಿರುವುದಿಲ್ಲ. ಯಾರ ಮನೆ ಖಾಲಿ, ಯಾರು ಬಂದು ಎಷ್ಟು ತಿಂಗಳಾಯಿತು, ಎಲ್ಲ ಬಟ್ಟೆಯ ಲೆಕ್ಕದಲ್ಲೇ ಹೇಳುತ್ತಾನೆ. “ಈ ರಸ್ತೇಲಿ ನಾಕು ವರ್ಷದಲ್ಲಿ ಮೂರು ಮನೆ ಕೈ ಬದಲಾಯ್ತು ಸಾರ್” ಅಂದ. ಯಾಕೆ ಎಂದರೆ ಪೆಟ್ಟಿಗೆಗೆ ಇದ್ದಿಲು ತುಂಬುವುದರಲ್ಲಿ ಮಗ್ನನಾದ. ನೀರು ಬಿಡುವವನು ಸಿಕ್ಕ, ದಿನ ಬಿಟ್ಟು ದಿನ ಬೆಳಗಿನ ಜಾವ ನೀರು ಎಂದ. ಮಳೆಗಾಲದಲ್ಲಿ ಹೇಗಪ್ಪ ಎಂದಾಗ ನಕ್ಕು, “ಆವಾಗ ನಾನು ಬಿಡೋದೇ ಬೇಡ” ಎಂದು ಸೈಕಲ್ ಹತ್ತಿದ. ನಾನು ಅದನ್ನು ತಮಾಷೆ ಅಂದುಕೊಂಡೆ.

ಪುಟ್ಟಿಗೆ ಬಾಯಾರಿಕೆ ಆಯಿತು. ಎದುರು ಮನೆಯ ಅಜ್ಜಿಯೊಬ್ಬರು ಗೇಟಿನಲ್ಲಿ ನಿಂತಿದ್ದವರು ಒಳಗೆ ಕರೆದು ನೀರು ಕೊಟ್ಟರು. ಹೊರಗೆ ಬಂದವಳೇ ಮೆತ್ತಗೆ, “ತಾತ, ಇವರ ಮನೇಲಿ ಫ್ರಿಜ್ಜು ಕಲ್ಲಿನ ಮೇಲೆ ನಿಂತಿದೆ. ಪ್ಲಗ್ಗುಗಳೆಲ್ಲ ನನ್ನ ಭುಜದ ಎತ್ತರಕ್ಕಿವೆ. ಯಾಕೆ?” ಎಂದಳು.

ನನಗೆ ಹೊಳೆದಿರಲಿಲ್ಲ. ಅಜ್ಜಿಯನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನು ಹೇಳಿದೆ ಅಂತ ಹೇಳ್ಬೇಡಿ. ಮಾರ್ತಾ ಇರೋರು ಒಳ್ಳೆ ಜನ, ಮಗಳ ಮದುವೆಗೆ ದುಡ್ಡು ಬೇಕಾಗಿದೆ. ಜೋರು ಮಳೆ ಹುಯ್ದರೆ ಹಿಂದಿನಿಂದ ನೀರು ನುಗ್ಗುತ್ತೆ. ಹೋದ ಸಲ ಮಂಚದವರೆಗೆ ಬಂದಿತ್ತು. ಮೊಮ್ಮಗನ ಪುಸ್ತಕ ಎಲ್ಲ ಹೋಯ್ತು, ಅಕ್ಕಿ ಮೂಟೆನೂ ಹೋಯ್ತು” ಎಂದರು.

ಮಗ ನೋಡಿದ ಮನೆಯ ಒಳಗೋಡೆಗೆ ನೆಲದಿಂದ ಮೂರಡಿಯವರೆಗೆ ಹೊಸ ಬಣ್ಣ ಬಳಿದಿತ್ತು. ಅಂದಕ್ಕೆ ಎಂದುಕೊಂಡಿದ್ದೆವು.

ಪುಟ್ಟಿ ನನ್ನ ಫೋನು ಕಿತ್ತುಕೊಂಡು ದಿಶಾಂಕ್ ಆ್ಯಪ್ ತೆರೆದಳು. ಕರ್ನಾಟಕ ಸರ್ಕಾರದ್ದೇ ಅದು, ಕಾಸು ಕೊಡಬೇಕಿಲ್ಲ. ನಿಂತ ಜಾಗದ ಸರ್ವೆ ನಂಬರನ್ನು ಹಳೆಯ ಗ್ರಾಮ ನಕಾಶೆಯೊಂದಿಗೆ ತೋರಿಸುತ್ತದೆ. ನಕಾಶೆಯಲ್ಲಿ ಆ ಮನೆಗಳ ಸಾಲಿನ ಹಿಂದೆಯೇ ಒಂದು ಹಳ್ಳದ ಗೆರೆ ಡೊಂಕುಡೊಂಕಾಗಿ ಹೋಗಿತ್ತು. ನಾವು ಹಿಂದಕ್ಕೆ ಹೋಗಿ ನೋಡಿದೆವು. ಹಳ್ಳವಿಲ್ಲ. ಎರಡಡಿ ಅಗಲದ, ಚಪ್ಪಡಿ ಮುಚ್ಚಿದ ಚರಂಡಿ ಇತ್ತು.

ಮಗನಿಗೆ ಹೇಳಿದಾಗ ಅವನು ಸಿಟ್ಟಾದ. “ಎಲ್ಲ ಕಾಗದ ಸರಿ ಇದೆ ಅಂತ ನೀವೇ ಹೇಳಿದ್ರಿ. ನಿಮ್ಮ ಸೈಟು ಹೋಯ್ತು ಅಂತ ನನಗೂ ಮನೆ ಆಗೋದು ಬೇಡ್ವಾ?” ಎಂದುಬಿಟ್ಟ. ಎಂಟು ದಿನ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವನು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆಯೋ ಏನೋ ಎಂದು ರಾತ್ರಿಯೆಲ್ಲ ಹೊರಳಾಡಿದೆ. ಹೆದರಿದವನು ಎಲ್ಲ ಕಡೆ ನೀರನ್ನೇ ನೋಡುತ್ತಾನಲ್ಲವೇ? ಯುಗಾದಿಗೂ ಬರಲಿಲ್ಲ ಅವರು.

ಕರಾರಿಗೆ ನಾಲ್ಕು ದಿನ ಇತ್ತು. ಸಂಜೆ ಆರಕ್ಕೆ ಗುಡುಗು ಶುರುವಾಗಿ ಒಂದೂವರೆ ಗಂಟೆ ಮಳೆ ಹೊಯ್ದಿತು. ಎಂಟು ಗಂಟೆಗೆ ಸೊಸೆಯ ಫೋನು. “ಮಾವ, ಇವರು ಸ್ಕೂಟರ್ ತಗೊಂಡು ಆ ಮನೆ ಹತ್ತಿರ ಹೋದ್ರು. ನೀವೂ ಹೋಗ್ತೀರಾ?” ಆಟೋ ಹಿಡಿದು ಹೋದೆ. ರಸ್ತೆಯ ಬಾಯಲ್ಲೇ ಆಟೋದವನು ನಿಲ್ಲಿಸಿಬಿಟ್ಟ. ಪಂಚೆ ಎತ್ತಿಕಟ್ಟಿ ಇಳಿದೆ, ಮೊಳಕಾಲಿನವರೆಗೆ ನೀರು. ಕರೆಂಟು ಹೋಗಿತ್ತು. ಆ ಮನೆಯ ಗೇಟಿನಲ್ಲಿ ಒಂದು ಬೆಳಕು. ಮಾಲೀಕರು ಬಾಗಿಲಿಗೆ ಮರಳಿನ ಚೀಲ ಅಡ್ಡ ಇಡುತ್ತಿದ್ದರು. ಇನ್ನೊಂದು ತುದಿ ಹಿಡಿದಿದ್ದವನು ನನ್ನ ಮಗ. ಫೋನಿನ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ನಾನೂ ಏನೂ ಹೇಳದೆ ಒಂದು ಚೀಲಕ್ಕೆ ಕೈ ಹಾಕಿದೆ. ಎಪ್ಪತ್ತನಾಲ್ಕರ ಸೊಂಟ ಅದನ್ನು ಎರಡು ದಿನ ನೆನಪಿಟ್ಟುಕೊಂಡಿತ್ತು.

ಮೂರನೇ ದಿನ ಮಾಲೀಕರೇ ಮನೆಗೆ ಬಂದು ನಲವತ್ತು ಸಾವಿರ ಮೇಜಿನ ಮೇಲಿಟ್ಟರು. ಹತ್ತು ಸಾವಿರ ಬ್ರೋಕರಿನ ಜೇಬಿನಲ್ಲಿತ್ತು, ಅದು ಅಲ್ಲೇ ಉಳಿಯಿತು. ಚೀಟಿ ಇಲ್ಲದ ಹಣಕ್ಕೆ ಯಾರನ್ನು ಕೇಳುವುದು? ಆದ್ದರಿಂದ ಟೋಕನ್ ಕೊಡುವಾಗ ಚೆಕ್ಕಿನಲ್ಲೇ ಕೊಡಿ, ವ್ಯವಹಾರ ನಿಂತರೆ ಹಣ ವಾಪಸು ಎಂದು ಒಂದು ಕಾಗದ ಬರೆಸಿಕೊಳ್ಳಿ. ಬಿಲ್ಡರ್‌ಗಳಿಂದ ಹೊಸ ಮನೆ ಕೊಳ್ಳುವವರು ಕರ್ನಾಟಕ ರೇರಾ ನೋಂದಣಿ ಸಂಖ್ಯೆಯನ್ನು ಕೇಳಿ, ಅದರ ಜಾಲತಾಣದಲ್ಲಿ ನೀವೇ ನೋಡಿ. 50 ಲಕ್ಷ ಮತ್ತು ಅದಕ್ಕೆ ಮೇಲಿನ ಆಸ್ತಿಯಾದರೆ ಶೇಕಡ 1 ಟಿ.ಡಿ.ಎಸ್. ಹಿಡಿದು ಕಟ್ಟುವ ಹೊಣೆ ಕೊಳ್ಳುವವರದೇ. ಇದನ್ನು ಮರೆತು ನೋಟಿಸು ಬಂದಾಗ ನನ್ನ ಹತ್ತಿರ ಓಡಿ ಬಂದವರನ್ನು ನೋಡಿದ್ದೇನೆ. ಮತ್ತೆ, ಬೇಸಿಗೆಯಲ್ಲಿ ನೋಡಿದ ಮನೆಯನ್ನು ಮಳೆಯಲ್ಲೊಮ್ಮೆ ನೋಡಿ. ಕಾಯಲಾಗದಿದ್ದರೆ ಅಕ್ಕಪಕ್ಕದವರ ಹೊಸ್ತಿಲು ಎಷ್ಟು ಎತ್ತರ ಇದೆ ನೋಡಿ. ಜೊತೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಕಣ್ಣು ನೆಲಕ್ಕೆ ಹತ್ತಿರ ಇರುತ್ತದೆ.

ಆಗಸ್ಟಿನಲ್ಲಿ ಮಗ ಹಳೆಯ ಬಡಾವಣೆಯೊಂದರಲ್ಲಿ ಚಿಕ್ಕ ಮನೆ ಕೊಂಡ. ಎತ್ತರದ ಜಾಗ. ಪುಟ್ಟಿಗೆ ಬೇರೆ ಕೋಣೆ ಸಿಗಲಿಲ್ಲ. ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡಿದ್ದಾಳೆ, ಅದಕ್ಕೆ ಮಾತ್ರ ತನಗಿಷ್ಟದ ಬಣ್ಣ ಬಳಿಸಿಕೊಂಡಿದ್ದಾಳೆ.

ಅವಳೇ ಆ ಗ್ರಾಮ ನಕಾಶೆಯ ಒಂದು ಪ್ರತಿ ಮುದ್ರಿಸಿ ಎದುರು ಮನೆಯ ಅಜ್ಜಿಗೆ ಕೊಟ್ಟು ಬಂದಳು. ಬೀದಿಯವರು ಅದನ್ನು ಲಗತ್ತಿಸಿ ಚರಂಡಿ ಅಗಲ ಮಾಡಿಸಿಕೊಡಿ ಎಂದು ಅರ್ಜಿ ಕೊಟ್ಟರು. ಮನೆ ಮಾರಹೊರಟವರ ಸಹಿಯೇ ಮೊದಲನೆಯದು. ಜೆ.ಸಿ.ಬಿ. ಬಂದು ಹೂಳು ತೆಗೆದು ಹೋಗಿದೆ, ಅಗಲ ಮಾಡುವ ಕೆಲಸ ಇನ್ನೂ ಶುರುವಾಗಿಲ್ಲ. ಮೊನ್ನೆ ಅವರ ಮಗಳ ಮದುವೆಯ ಆಮಂತ್ರಣ ಬಂತು, ಹೋಗಿದ್ದೆವು. ಬರುವಾಗ ಅಜ್ಜಿಯ ಮನೆಗೂ ಹೋದೆವು. ಫ್ರಿಜ್ಜು ಇನ್ನೂ ಕಲ್ಲಿನ ಮೇಲೇ ಇದೆ.