ಗೋಧಿಯ ಹಣ, ಹುಕ್ಕೇರಿಯ ಬೆಳಕು

ವಿದೇಶೀ ನೆರವೆಂದ ಕೂಡಲೆ ನಮ್ಮ ಚಿತ್ತ ಆಫ್ರಿಕಾ ಖಂಡದತ್ತ ಹರಿಯುವುದು ಸಹಜವೇ. ಆದರೆ ಅರಭಾವಿಯಿಂದ ಹೊರಟು ಘಟಪ್ರಭೆಯ ಸೀಮೆಯನ್ನು ಹಾಯ್ದು ಹುಕ್ಕೇರಿಯ ಕಡೆಗೆ ಸಾಗುವ ಪ್ರಯಾಣಿಕನು, ಕಬ್ಬಿನ ಹೊಲಗಳ ನಡುವೆ ಸಾಲಾಗಿ ನಿಂತ ವಿದ್ಯುತ್ ಕಂಬಗಳನ್ನು ನೋಡುತ್ತ ನೋಡುತ್ತ, ತಾಲೂಕಿನ ಗಡಿ ದಾಟಿದೊಡನೆ ಆ ಕಂಬಗಳ ಒಡೆತನವೇ ಬದಲಾಗುವುದೆಂಬುದನ್ನಾಗಲಿ, ಆ ಒಡೆತನದ ಮೂಲದಲ್ಲಿ ಅಮೇರಿಕದ ಗೋಧಿಯಿದೆಯೆಂಬುದನ್ನಾಗಲಿ ಅರಿಯನು. ಗೋಕಾಕ, ಮೂಡಲಗಿಗಳಲ್ಲಿ ಕರೆಂಟು ಹೆಸ್ಕಾಂ ಕಂಪನಿಯದು. ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಅದು ರೈತರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು.

ಈ ಸೀಮೆಗೆ ನಿಸರ್ಗದ ಕೃಪೆ ಎಂದೂ ಕಡಿಮೆಯಿರಲಿಲ್ಲ. ಘಟಪ್ರಭೆ, ಹಿರಣ್ಯಕೇಶಿಗಳಂಥ ನದಿಗಳು, ಎರೆಭೂಮಿ, ಗೋಕಾಕದ ಜಲಪಾತ, ಇವೆಲ್ಲ ಇದ್ದವು. 1887ರ ಸುಮಾರಿಗೇ ಆ ಜಲಪಾತದ ಬಲದಿಂದ ಗೋಕಾಕ ಗಿರಣಿಯ ಯಂತ್ರಗಳು ತಿರುಗುತ್ತಿದ್ದವು; 1897ರಷ್ಟು ಹಿಂದೆಯೇ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆಗೆ ನೀರು ಹರಿಸಿದ್ದರು. ಆದರೆ ನೀರಿನ ಶಕ್ತಿಯಿಂದ ನೂಲು ತೆಗೆದು ಮುಕ್ಕಾಲು ಶತಮಾನ ಕಳೆಯುತ್ತ ಬಂದರೂ, ಆ ಗಿರಣಿಯ ಸೈರನ್ನು ಕೇಳುವಷ್ಟು ದೂರದ ಹಳ್ಳಿಗಳಲ್ಲಿಯೂ ರಾತ್ರಿಯೆಂದರೆ ಚಿಮಣಿ ಎಣ್ಣೆಯ ಬುಡ್ಡಿ, ನೀರಾವರಿಯೆಂದರೆ ಎತ್ತು ಹೂಡಿದ ಕಪಿಲೆ. ಸಂಪತ್ತು ಇರುವುದು ಬೇರೆ, ಅದು ಅಲ್ಲಿರುವವರ ಮನೆಗೆ ಬರುವುದು ಬೇರೆ.

ಇನ್ನು ಗೋಧಿಯ ಕಥೆ. ತನ್ನ ರೈತರು ಬೆಳೆದ ಮಿಗತೆ ಧಾನ್ಯವನ್ನು ಎಲ್ಲಿಡುವುದೆಂದು ತಿಳಿಯದ ಅಮೇರಿಕ, 1954ರಲ್ಲಿ ಪಬ್ಲಿಕ್ ಲಾ 480 ಎಂಬ ಕಾಯಿದೆಯನ್ನು ಮಾಡಿತು. 1956ರಲ್ಲಿ ಭಾರತ ಅದರಡಿಯಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಡಾಲರಿಲ್ಲದ ದೇಶ ಡಾಲರು ಕೊಡಬೇಕಾಗಿರಲಿಲ್ಲ, ರೂಪಾಯಿಯಲ್ಲಿಯೇ ಬೆಲೆ ಸಲ್ಲಿಸಿದರೆ ಸಾಕಾಗಿತ್ತು. ಆ ರೂಪಾಯಿಗಳು ಅಮೇರಿಕಕ್ಕೆ ಹೋಗದೆ ಇಲ್ಲಿಯೇ ಅಮೇರಿಕದ ಹೆಸರಿನಲ್ಲಿ ಜಮೆಯಾಗಿ, ಒಂದಂಶ ಅವರ ರಾಯಭಾರ ಕಚೇರಿಯ ವೆಚ್ಚಕ್ಕೂ ಬಹ್ವಂಶ ಭಾರತದ ಅಭಿವೃದ್ಧಿ ಕಾರ್ಯಗಳಿಗೆ ಸಾಲ ಅಥವಾ ಅನುದಾನವಾಗಿಯೂ ಮರಳುತ್ತಿದ್ದವು. ಬಿಳಿಜೋಳದ ರೊಟ್ಟಿಯ ರುಚಿ ಬಲ್ಲ ನಮ್ಮ ಜನ ನ್ಯಾಯಬೆಲೆ ಅಂಗಡಿಯ ಮುಂದೆ ಸರದಿ ನಿಂತು, ಮೂಗು ಮುರಿಯುತ್ತಲೇ ಆ ಕೆಂಪು ಜೋಳವನ್ನೂ ಗೋಧಿಯನ್ನೂ ತಂದುಂಡರು. (ಹೊಲದ ಬದುವಿನ ಕಾಂಗ್ರೆಸ್ ಕಸವೂ ಆ ಗೋಧಿಯೊಡನೆಯೇ ಬಂತೆಂದು ಹಿರಿಯರು ಈಗಲೂ ಶಪಿಸುವರು, ಒಪ್ಪಂದಕ್ಕೆ ಮುಂಚೆಯೇ, 1955ರಲ್ಲಿ, ಪುಣೆಯಲ್ಲಿ ಅದು ಕಂಡಿತ್ತೆಂದರೆ ಯಾರೂ ನಂಬರು.) ಅನಾವೃಷ್ಟಿಯ 1965-67ರಲ್ಲಂತೂ ಅಮೇರಿಕದ ಅಧ್ಯಕ್ಷ ಜಾನ್ಸನ್, ವಿಯೆಟ್ನಾಂ ಯುದ್ಧವನ್ನು ಟೀಕಿಸಿದ ಭಾರತಕ್ಕೆ ಧಾನ್ಯವನ್ನು ತಿಂಗಳು ತಿಂಗಳಿಗೆ ಅಳೆದು ಬಿಡುಗಡೆ ಮಾಡಿದ. ದಾನಿಯ ಕೈಯಲ್ಲಿ ಚೀಲವೂ ಇತ್ತು, ಚೀಲದ ಬಾಯಿ ಕಟ್ಟುವ ಹಗ್ಗವೂ ಇತ್ತು.

1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುದೀಕರಣ ನಿಗಮಕ್ಕೆ ಹೀಗೆ ಜಮೆಯಾದ ರೂಪಾಯಿಗಳ ನಿಧಿಯಿಂದಲೇ 105 ಕೋಟಿ ರೂಪಾಯಿಗಳ ನೆರವು ಗೊತ್ತಾಯಿತು. ಅದನ್ನು ನಾವು ಅಮೇರಿಕದ ನೆರವೆಂದು ಕರೆದೆವು, ಕರೆಯುವುದೂ ತಪ್ಪಲ್ಲ; ಆದರೆ ಆ ಕೋಟಿಗಳಲ್ಲಿ ಒಂದೊಂದು ಪೈಯೂ ಪಡಿತರದ ಕಟ್ಟೆಯ ಮೇಲೆ ಭಾರತದ ಕೂಲಿಕಾರನೊಬ್ಬ ಎಣಿಸಿಟ್ಟದ್ದೆಂಬುದನ್ನು ಮರೆಯುವುದು ಮಾತ್ರ ಕೃತಜ್ಞತೆಯಲ್ಲ, ಅವಿವೇಕ. ಕೂಡಿಬಿದ್ದ ಈ ರಾಶಿಯ ದೊಡ್ಡ ಭಾಗವಾದ 1,664 ಕೋಟಿ ರೂಪಾಯಿಗಳನ್ನು ಅಮೇರಿಕದ ರಾಯಭಾರಿ ಮೊಯ್ನಿಹಾನ್ 1974ರಲ್ಲಿ ಒಂದೇ ಚೆಕ್ಕಿನಲ್ಲಿ ಭಾರತ ಸರಕಾರಕ್ಕೆ ಒಪ್ಪಿಸಿಬಿಟ್ಟರು.

ಹಣದೊಡನೆ ಒಂದು ಕಲ್ಪನೆಯೂ ಬಂದಿತ್ತು. ಖಾಸಗಿ ಕಂಪನಿಗಳು ಲಾಭವಿಲ್ಲವೆಂದು ಕೈಬಿಟ್ಟಿದ್ದ ಅಮೇರಿಕದ ಹಳ್ಳಿಗಳಿಗೆ, ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ, 1935ರಿಂದೀಚೆಗೆ, ಸರಕಾರದ ಸಾಲ ಪಡೆದು ರೈತರೇ ಸಂಘ ಕಟ್ಟಿಕೊಂಡು ತಂತಿ ಎಳೆದಿದ್ದರು. ಆ ಸಂಘಗಳ ಒಕ್ಕೂಟದ ತಜ್ಞರ ಸಲಹೆಯಂತೆ, ನಿಗಮದ ಹಣದ ನೆರವಿನಿಂದ, ನಮ್ಮ ದೇಶದಲ್ಲಿಯೂ ಐದು ಪ್ರಾಯೋಗಿಕ ಸಂಘಗಳು ಏರ್ಪಟ್ಟವು: ಅಂದಿನ ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ, ಉತ್ತರಪ್ರದೇಶದ ಲಖನೌ, ಅಂದಿನ ಮೈಸೂರು ರಾಜ್ಯದಿಂದ ನಮ್ಮ ಹುಕ್ಕೇರಿ. ಈ ಆಯ್ಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 1905ರಲ್ಲಿಯೇ ಕಣಗಿನಹಾಳದ ಸಿದ್ದನಗೌಡ ಪಾಟೀಲರು ಸಹಕಾರದ ಬೀಜ ಬಿತ್ತಿದ್ದ ನಾಡು ಇದು. ಹುಕ್ಕೇರಿಯ ಭಾಗದಲ್ಲಿ, ಜನರು ಸಹಕಾರ ಮಹರ್ಷಿಯೆಂದು ಸ್ಮರಿಸುವ ಅಪ್ಪಣಗೌಡ ಪಾಟೀಲರಂಥವರು ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರಖಾನೆಯ ಮೂಲಕ ರೈತರಿಗೆ ಶೇರು, ಸಭೆ, ಲೆಕ್ಕಪತ್ರಗಳ ಅಭ್ಯಾಸ ಮಾಡಿಸಿದ್ದರು. ಹೊರಗಿನ ನೆರವು ಬಂದಿಳಿಯುವ ಮೊದಲೇ ಅದನ್ನು ಇಳಿಸಿಕೊಳ್ಳುವ ಕಟ್ಟೆ ಇಲ್ಲಿ ಸಿದ್ಧವಾಗಿತ್ತು.

ಹುಕ್ಕೇರಿಯ ವಿದ್ಯುತ್ ಸಂಘದ ವ್ಯವಹಾರ ಜಟಿಲವೇನಲ್ಲ. ಅದು ವಿದ್ಯುತ್ತನ್ನು ತಾನು ಉತ್ಪಾದಿಸುವುದಿಲ್ಲ. ಹಿಂದೆ ವಿದ್ಯುಚ್ಛಕ್ತಿ ಮಂಡಳಿಯಿಂದ, ಈಗ ಹೆಸ್ಕಾಂನಿಂದ, ಸಗಟಾಗಿ ಕೊಂಡು ತನ್ನ ತಂತಿಗಳ ಮೂಲಕ ಮನೆಮನೆಗೆ, ಬಾವಿಬಾವಿಗೆ ಹಂಚುವುದು. ದರವನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸುವುದು. ಇದರ ಸ್ವಾರಸ್ಯ ತಿಳಿಯಬೇಕಾದರೆ ಕಬ್ಬು ಒಣಗುವ ಏಪ್ರಿಲ್ ತಿಂಗಳಲ್ಲಿ ಸಂಘದ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕು. "ಟಿಸಿ ಸುಟ್ಟೈತ್ರಿ, ನಾಕ ದಿನಾ ಆತು, ಮೋಟಾರ ಬಂದ್ ಬಿದ್ದಾವು" ಎಂದು ಟ್ರಾನ್ಸ್‌ಫಾರ್ಮರಿನ ದೂರು ಹೊತ್ತು ಬರುವ ರೈತನು ಅರ್ಜಿ ಕೊಡುವ ಗಿರಾಕಿಯಂತೆ ಮಾತಾಡುವುದಿಲ್ಲ. ನಿರ್ದೇಶಕನ ಹೆಸರು ಹಿಡಿದು, ಮತ ಹಾಕಿದ್ದನ್ನು ನೆನಪಿಸಿ, ಒಡೆಯನಂತೆ ಗದರುವನು. ಗದರಿದ ಮಾತ್ರಕ್ಕೆ ಟಿಸಿ ಅಂದೇ ಬರುವುದೆಂದಲ್ಲ. ಆದರೆ ಗದರುವ ಹಕ್ಕು ಅವನಿಗಿದೆ.

ಕಾಂಗೋ ದೇಶದ ರೈತನಿಗೆ ಇಲ್ಲದ್ದು ಇದೇ. ಭೂಗರ್ಭದಲ್ಲಿ ತಾಮ್ರ, ಕೋಬಾಲ್ಟು, ವಜ್ರಗಳನ್ನು ಹುದುಗಿಸಿಕೊಂಡ, ಕಾಂಗೋ ಮಹಾನದಿಯ ಅಪಾರ ಜಲಶಕ್ತಿಯನ್ನು ಪಡೆದ ಆ ದೇಶ, ಝಾಯಿರ್ ಎಂಬ ಹೆಸರಿನಿಂದ ಮೊಬುಟು ಎಂಬ ಸರ್ವಾಧಿಕಾರಿಯ ವಶದಲ್ಲಿದ್ದಾಗ, ನದಿಯ ಇಂಗಾ ಎಂಬಲ್ಲಿಯ ಅಣೆಕಟ್ಟಿನಿಂದ ಕಟಾಂಗಾ ಪ್ರಾಂತದ ಗಣಿಗಳವರೆಗೆ ಸುಮಾರು 1,700 ಕಿಲೋಮೀಟರು ಉದ್ದದ ವಿದ್ಯುತ್ ಮಾರ್ಗವೊಂದು ಅಮೇರಿಕದ ಸಾಲದ ಬಲದಿಂದ 1982ರ ವೇಳೆಗೆ ಸಿದ್ಧವಾಯಿತು. ಅದರಲ್ಲಿ ಹರಿಯುವುದು ಅತ್ಯುಚ್ಚ ಒತ್ತಡದ ಏಕಮುಖ ಪ್ರವಾಹ. ನಡುದಾರಿಯಲ್ಲಿ ಅದನ್ನಿಳಿಸಿ ಬಳಸಬೇಕಾದರೆ ಬಹು ವೆಚ್ಚದ ಪರಿವರ್ತನ ಕೇಂದ್ರಗಳು ಬೇಕು. ಅವನ್ನು ಯಾರೂ ಕಟ್ಟಲಿಲ್ಲ. ತತ್ಫಲವಾಗಿ ವಿದ್ಯುತ್ತು ಗುಡಿಸಲುಗಳ ನೆತ್ತಿಯ ಮೇಲೆ ಹಾಯ್ದು ಗಣಿಗೆ ಹೋಯಿತು. ಸಾಲದ ಭಾರ ಮಾತ್ರ ಗುಡಿಸಲಿನವರ ಪಾಲಿಗೂ ಬಂತು. ಜಗತ್ತಿನ ಕೋಬಾಲ್ಟಿನ ಬಹುಪಾಲು ಅಲ್ಲಿಂದ ಹೊರಡುವ ಇಂದಿಗೂ, ಆ ದೇಶದ ಐವರಲ್ಲಿ ಸುಮಾರು ನಾಲ್ವರ ಮನೆಗೆ ಕರೆಂಟಿಲ್ಲ. ಅಲ್ಲಿಯೂ ಇಲ್ಲಿಯೂ ಬೆಂಬಲಕ್ಕೆ ಇದ್ದದ್ದು ಅಮೇರಿಕದ ಹಣವೇ. ಇಲ್ಲಿ ತಂತಿ ಕೊನೆಗೆ ಸದಸ್ಯನ ಸೊತ್ತಾಯಿತು.

ಹಾಗೆಂದು ಹುಕ್ಕೇರಿಯನ್ನು ಸ್ವರ್ಗವೆನ್ನಲಾಗದು. ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಬಂದ ಮೇಲೆ ಸಂಘದ ಆದಾಯದ ದೊಡ್ಡ ಪಾಲು ಬೆಂಗಳೂರಿನಿಂದ ಬರಬೇಕಾದ ಸಹಾಯಧನವನ್ನು ನೆಚ್ಚಿದೆ. ದಾನಿ ಬದಲಾದನು, ಕಾಯುವಿಕೆ ಉಳಿಯಿತು. 2025ರ ಸೆಪ್ಟೆಂಬರಿನಲ್ಲಿ ನಡೆದ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಜಿಲ್ಲೆಯ ಘಟಾನುಘಟಿ ನಾಯಕರೇ ಬೀದಿಗಿಳಿದು, ಅದು ವಿಧಾನಸಭೆಯ ಕಣವನ್ನೂ ಮೀರಿಸಿತು. ಸಹಕಾರಿ ಒಡೆತನವೆಂಬುದು ಅಮರತ್ವದ ವರವೂ ಅಲ್ಲ: ಐದರಲ್ಲಿ ಒಂದಾದ ಮುಳಾ-ಪ್ರವರಾ ಸಂಘ 2011ರಲ್ಲಿ ಪರವಾನಗಿ ಕಳೆದುಕೊಂಡು, ಅದರ ಪ್ರದೇಶ ರಾಜ್ಯದ ವಿತರಣ ಕಂಪನಿಯ ಕೈಸೇರಿತು. ಸಿರಿಸಿಲ್ಲ ಇನ್ನೂ ನಡೆಯುತ್ತಿದೆ. ಕರ್ನಾಟಕದಲ್ಲಿ ಇಂಥ ಸಂಘ ಹುಕ್ಕೇರಿಯದೊಂದೇ.

ಆದರೂ ಒಡೆತನ ಕೈಯಲ್ಲಿರುವುದರ ಬೆಲೆ ಸಣ್ಣದಲ್ಲ. ಆಫ್ರಿಕಾದ ಹಲವು ದೇಶಗಳ ಆಸ್ಪತ್ರೆಗಳಿಗೆ ಔಷಧ ಒದಗಿಸುತ್ತಿದ್ದ, 1961ರಲ್ಲಿ ಹುಟ್ಟಿದ ಅಮೇರಿಕದ ಯುಎಸ್‌ಏಡ್ ಸಂಸ್ಥೆಯೇ 2025ರ ಜುಲೈ ವೇಳೆಗೆ ಮುಚ್ಚಿಹೋಗಿ, ಅದನ್ನೇ ನೆಚ್ಚಿದ ಚಿಕಿತ್ಸಾಲಯಗಳು ಕಂಗಾಲಾದುವು. ಹುಕ್ಕೇರಿಯ ತಂತಿಯಲ್ಲಿ ಅದರಿಂದ ಒಂದು ಮಿಣುಕೂ ಕಡಿಮೆಯಾಗಲಿಲ್ಲ. ಈ ಭಾಗ್ಯವನ್ನು ಉಳಿಸಿಕೊಳ್ಳಬೇಕಾದವರು ಸದಸ್ಯರೇ. ಮತದಾನದ ದಿನ ತೋರಿದ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಅವರು ವಾರ್ಷಿಕ ಸರ್ವಸಾಧಾರಣ ಸಭೆಗೆ ಕಾದಿರಿಸಿ, ಜಮಾಖರ್ಚಿನ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಎದ್ದು ನಿಂತು ಪ್ರಶ್ನೆ ಕೇಳಲಿ.